ಬದಲಾಗದ ಸೈಕಲ್, ಅಗಲವಾಗುತ್ತ ಬಂದ ಬಾಗಿಲು: ಲಿಟಲ್ 500 ಓಟದ 75 ವರ್ಷ

ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿರುವ ಇಂಡಿಯಾನಾ ವಿಶ್ವವಿದ್ಯಾಲಯ 1820ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ನಡೆಯುವ ವಿದ್ಯಾರ್ಥಿಗಳ ಸೈಕಲ್ ಓಟಕ್ಕೆ ಲಿಟಲ್ 500 ಎಂದು ಹೆಸರು. 1951ರ ಮೇ 12ರಂದು ಮೊದಲ ಬಾರಿಗೆ ನಡೆದ ಈ ಓಟಕ್ಕೆ 2026ರಲ್ಲಿ ಅಮೃತ ಮಹೋತ್ಸವ. ಸಂಸ್ಥೆಗಳ ಚರಿತ್ರೆಯನ್ನು ಬರೆಯುವಾಗ ಕಟ್ಟಡ ದೊಡ್ಡದಾದದ್ದು, ಸಲಕರಣೆ ಸುಧಾರಿಸಿದ್ದು, ದಾಖಲೆಗಳು ಮುರಿದದ್ದು ಇವನ್ನೇ ಬೆಳವಣಿಗೆಯ ಗುರುತೆಂದು ಹೇಳುವುದು ರೂಢಿ. ಲಿಟಲ್ 500ರ ಚರಿತ್ರೆಗೆ ಆ ಅಳತೆಗೋಲು ಸಾಲದು. ಇಲ್ಲಿ ಸೈಕಲ್ ಇಂದಿಗೂ ಒಂದೇ ಗೇರಿನದು, ಸುತ್ತುಗಳ ಸಂಖ್ಯೆ ಅಂದಿನಷ್ಟೇ, ತಂಡದ ಸವಾರರು ಅಂದಿನಂತೆಯೇ ನಾಲ್ವರು. ಬದಲಾದದ್ದು ಆ ಸೈಕಲ್ ಹತ್ತುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗೆ ಸಂಸ್ಥೆ ಕೊಡುತ್ತ ಬಂದ ಉತ್ತರ. ಸಲಕರಣೆಯ ವಿಷಯದಲ್ಲಿ ಬಿಗಿಯಾಗಿದ್ದು, ಪ್ರವೇಶದ ವಿಷಯದಲ್ಲಿ ಹಂತಹಂತವಾಗಿ ಸಡಿಲವಾದದ್ದರಿಂದಲೇ ಈ ಓಟ ಇಷ್ಟು ಕಾಲ ಬಾಳಿತು ಎಂಬುದು ಈ ಲೇಖನದ ವಾದ.

1936–1950: ಯುದ್ಧಾನಂತರದ ಕ್ಯಾಂಪಸ್ಸು, ದುಡಿದು ಓದುವವರ ಅಗತ್ಯ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳ ಚಹರೆಯೇ ಬದಲಾಯಿತು. ಯುದ್ಧದಿಂದ ಮರಳಿದ ಸೈನಿಕರ ಓದಿಗೆ ಸರ್ಕಾರ ನೆರವಾಗುವಂತೆ 1944ರಲ್ಲಿ ಬಂದ ಕಾಯ್ದೆಯಿಂದಾಗಿ, ಹಿಂದೆ ಕಾಲೇಜಿನ ಮೆಟ್ಟಿಲು ಹತ್ತುವ ಯೋಚನೆಯನ್ನೂ ಮಾಡದಿದ್ದ ಮನೆತನಗಳ ಹುಡುಗರು ತರಗತಿಗಳಿಗೆ ಬಂದರು. ಹರ್ಮನ್ ವೆಲ್ಸ್ ಅವರ ಅಧ್ಯಕ್ಷತೆಯಲ್ಲಿದ್ದ ಇಂಡಿಯಾನಾ ವಿಶ್ವವಿದ್ಯಾಲಯವೂ ಈ ಪ್ರವಾಹಕ್ಕೆ ಬಾಗಿಲು ತೆರೆಯಿತು. ವಾಸಕ್ಕೆ ಜಾಗ ಸಾಲದೆ ತಾತ್ಕಾಲಿಕ ವಸತಿಗಳು ಎದ್ದವು. ಸರ್ಕಾರದ ನೆರವು ಸಿಕ್ಕದವರ ಪಾಡು ಬೇರೆಯೇ ಇತ್ತು. ಹಗಲು ತರಗತಿ, ಸಂಜೆ ಊಟದ ಮನೆಯಲ್ಲೋ ಅಂಗಡಿಯಲ್ಲೋ ದುಡಿಮೆ, ರಾತ್ರಿ ಓದು ಎಂಬ ದಿನಚರಿಯಲ್ಲಿ ಪದವಿ ಮುಗಿಸಬೇಕಾದವರು ಅಲ್ಲಿ ಸಾಕಷ್ಟು ಜನರಿದ್ದರು. ವಾರಾನ್ನ ಉಂಡು ಓದಿದ ಹಿರಿಯರ ನೆನಪಿರುವ ಕನ್ನಡ ಓದುಗರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಿಲ್ಲ. ಓದುವ ಹಂಬಲಕ್ಕೂ ಹೊಟ್ಟೆಯ ಪಾಡಿಗೂ ನಡುವಿನ ಎಳೆದಾಟ ಎಲ್ಲ ಊರುಗಳಲ್ಲೂ ಒಂದೇ ಬಗೆಯದು.

ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೂಡಿಸಲು 1936ರಲ್ಲೇ ಒಂದು ಪ್ರತಿಷ್ಠಾನ ಹುಟ್ಟಿತ್ತು. ಅದರ ಹೊಣೆ ಹೊತ್ತಿದ್ದ ಹೋವರ್ಡ್ ವಿಲ್ಕಾಕ್ಸ್ ಅವರನ್ನು ಎಲ್ಲರೂ ‘ಹೌಡಿ’ ಎಂದೇ ಕರೆಯುತ್ತಿದ್ದರು. ಹಣವಂತ ಹಳೆಯ ವಿದ್ಯಾರ್ಥಿಗಳ ಮುಂದೆ ಕೈಯೊಡ್ಡುವುದರಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ, ಓದುತ್ತಿರುವವರಲ್ಲೇ ಕೊಡುವ ಅಭ್ಯಾಸ ಬೆಳೆಸಬೇಕು ಎಂಬ ನಂಬಿಕೆಯಿಂದ ಅವರು 1950ರಲ್ಲಿ ವಿದ್ಯಾರ್ಥಿಗಳದೇ ಆದ ಸ್ಟೂಡೆಂಟ್ ಫೌಂಡೇಶನ್ ಕಟ್ಟಿದರು. ವಿದ್ಯಾರ್ಥಿಗಳೇ ದುಡಿದು ಕೂಡಿಸಿದ ಹಣ ದುಡಿದು ಓದುವ ವಿದ್ಯಾರ್ಥಿಗಳ ವೇತನಕ್ಕೆ ಹೋಗಬೇಕು ಎಂಬುದು ಅದರ ಗುರಿ. ಹಣ ಬರಬೇಕಾದರೆ ಜನ ಸೇರಬೇಕು, ಜನ ಸೇರಲು ಏನಾದರೂ ನೆಪ ಬೇಕು. ಆ ನೆಪ ವಿಲ್ಕಾಕ್ಸ್ ಅವರ ಕಣ್ಣಿಗೆ ಬಿದ್ದದ್ದು ಒಂದು ಹಾಸ್ಟೆಲ್ಲಿನ ಬಳಿ. ಹುಡುಗರು ಕಟ್ಟಡದ ಸುತ್ತ ಸೈಕಲ್ ಪಂದ್ಯ ಹೂಡಿದ್ದರು, ಕಿಟಕಿಗಳಿಂದ ಹುಡುಗಿಯರು ಕೂಗಿ ಹುರಿದುಂಬಿಸುತ್ತಿದ್ದರು. ಆ ಆಟವನ್ನು ಅವರು ಒಂದು ಸಂಸ್ಥೆಯಾಗಿ ಬೆಳೆಸಿದರು.

1951–1961: ಮೊದಲ ಓಟ ಮತ್ತು ನಿಯಮಗಳ ಚೌಕಟ್ಟು

ವಿಲ್ಕಾಕ್ಸ್ ಅವರಿಗೆ ಓಟದ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಅವರದೇ ಹೆಸರಿನ ಅವರ ತಂದೆ 1919ರಲ್ಲಿ ಇಂಡಿಯಾನಾಪೊಲಿಸ್‌ನ ಪ್ರಸಿದ್ಧ 500 ಮೈಲಿಗಳ ಮೋಟಾರು ಓಟವನ್ನು ಗೆದ್ದವರು. 1923ರಲ್ಲಿ ಇನ್ನೊಂದು ಓಟದ ಅಪಘಾತದಲ್ಲಿ ಅವರು ತೀರಿಕೊಂಡಾಗ ಮಗ ಇನ್ನೂ ಎಳೆಯ ಕೂಸು. ಆ ಮೋಟಾರು ಓಟದ ಅಂಗಾಂಗಗಳನ್ನೆಲ್ಲ ಮಗ ಸೈಕಲ್ಲಿಗೆ ಒಗ್ಗಿಸಿದರು. ಅಲ್ಲಿ 33 ಕಾರು, ಇಲ್ಲಿ 33 ತಂಡ. ಅಲ್ಲಿಯಂತೆಯೇ ಸಾಲಿಗೆ 3ರಂತೆ 11 ಸಾಲುಗಳಲ್ಲಿ ಓಟದ ಆರಂಭ. ಅಲ್ಲಿಯೂ ಇಲ್ಲಿಯೂ 200 ಸುತ್ತು. ಕಾಲು ಮೈಲಿಯ ಟ್ರ್ಯಾಕಿನಲ್ಲಿ 200 ಸುತ್ತು ಹೊಡೆದರೆ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್. ದೂರ ಹತ್ತನೆಯ ಒಂದು ಪಾಲಾದ್ದರಿಂದ ಹೆಸರು ‘ಪುಟ್ಟ 500’ ಎಂದಾಯಿತು. 1951ರ ಮೇ 12ರಂದು, ಹತ್ತನೇ ಬೀದಿಯ ಹಳೆಯ ಕ್ರೀಡಾಂಗಣದಲ್ಲಿ ನಡೆದ ಮೊದಲ ಓಟವನ್ನು ಸೌತ್ ಹಾಲ್ ಬುಕನೀರ್ಸ್ ಎಂಬ ತಂಡ ಗೆದ್ದಿತು. ಮೊದಲ ಗೆಲುವು ಒಂದು ಹಾಸ್ಟೆಲ್ ತಂಡಕ್ಕೆ ದಕ್ಕಿದ್ದು ಗಮನಿಸಬೇಕಾದ ಸಂಗತಿ. ಅಂದಿನ ಕ್ಯಾಂಪಸ್ಸಿನಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ, ಫ್ರಾಟರ್ನಿಟಿ ಎಂಬ ವಿದ್ಯಾರ್ಥಿ ಸಂಘಗಳಿಗೆ ಸ್ವಂತ ಮನೆ, ಹಳೆಯ ಸದಸ್ಯರ ಬೆಂಬಲ, ಹಣ ಎಲ್ಲವೂ ಇದ್ದವು. ಆ ಬಲದ ಎದುರು ಹಾಸ್ಟೆಲ್ಲಿನ ಹುಡುಗರು ಸಮಸಮನಾಗಿ ನಿಲ್ಲಬಹುದು ಎಂಬುದು ಮೊದಲ ವರ್ಷವೇ ಸಾಬೀತಾಯಿತು.

ಈ ಸಮಬಲದ ಗುಟ್ಟು ಸೈಕಲ್ಲಿನಲ್ಲಿದೆ. ಎಲ್ಲ ತಂಡಗಳೂ ಓಡಿಸಬೇಕಾದದ್ದು ಒಂದೇ ಮಾದರಿಯ ಸೈಕಲ್. ಗೇರು ಒಂದೇ. ಮುಂದಿನ ಹಲ್ಲುಚಕ್ರಕ್ಕೆ 46 ಹಲ್ಲು, ಹಿಂದಿನದಕ್ಕೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಕೈಬ್ರೇಕು ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ಹಿಡಿದುಕೊಳ್ಳುತ್ತದೆ. ಪೆಡಲ್‌ಗಳು ಚಪ್ಪಟೆ, ಬೂಟನ್ನು ಅವಕ್ಕೆ ಸಿಕ್ಕಿಸಿ ಭದ್ರ ಮಾಡಿಕೊಳ್ಳುವ ಅನುಕೂಲವಿಲ್ಲ. ಟ್ರ್ಯಾಕಿಗೆ ಹಾಸುವುದು ಸುಟ್ಟ ಕಲ್ಲಿದ್ದಲಿನ ಕಿಟ್ಟದ ಪುಡಿ. ತಿರುವಿನಲ್ಲಿ ಮೈ ಸ್ವಲ್ಪ ಹೆಚ್ಚು ವಾಲಿದರೂ ಗಾಲಿ ಜಾರುತ್ತದೆ, ಬಿದ್ದರೆ ಚರ್ಮ ಕಿತ್ತುಬರುತ್ತದೆ. ದುಬಾರಿ ಸೈಕಲ್ ಕೊಂಡು ಗೆಲ್ಲುವ ದಾರಿ ಇಲ್ಲಿ ಮೊದಲ ದಿನದಿಂದಲೇ ಮುಚ್ಚಿದೆ. ಸಿರಿವಂತ ತಂಡಕ್ಕೂ ಬಡ ತಂಡಕ್ಕೂ ನಡುವಿನ ಅಂತರವನ್ನು ಇದು ಪೂರ್ತಿ ಅಳಿಸುವುದಿಲ್ಲ ನಿಜ. ಅಭ್ಯಾಸಕ್ಕೆ ಬಿಡುವು, ಒಳ್ಳೆಯ ಊಟ, ಅನುಭವಿ ತರಬೇತುದಾರ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೂ ಕಣ್ಣಿಗೆ ಕಾಣುವ, ಹಣಕ್ಕೆ ಸಿಗುವ ಅತಿ ದೊಡ್ಡ ಅನುಕೂಲವೊಂದನ್ನು ನಿಯಮ ತೆಗೆದುಹಾಕಿತು. ಸ್ಪರ್ಧೆಯನ್ನು ನ್ಯಾಯದ ಹತ್ತಿರಕ್ಕೆ ತರಲು ಒಂದು ನಿಯಮದಿಂದ ಆಗುವಷ್ಟನ್ನು ಈ ನಿಯಮ ಮಾಡಿದೆ.

ಸವಾರರ ಬದಲಾವಣೆ ಈ ಓಟದ ಜೀವ. ಪುರುಷರ ಓಟದಲ್ಲಿ ಕನಿಷ್ಠ 10 ಬಾರಿ ಸವಾರರು ಬದಲಾಗಲೇಬೇಕು. ಸುತ್ತು ಮುಗಿಸಿ ಬರುವವನು ತನ್ನ ತಂಡದ ಜಾಗ ಹತ್ತಿರವಾಗುತ್ತಿದ್ದಂತೆ ಸೀಟಿನಿಂದ ಮೈ ಎತ್ತಿ, ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸುತ್ತಾನೆ. ಮುಂದಿನ ಸವಾರ ಅದೇ ದಿಕ್ಕಿನಲ್ಲಿ ಓಡಲು ಶುರುಮಾಡಿರುತ್ತಾನೆ. ಒಬ್ಬ ಒಂದು ಬದಿಗೆ ಹಾರಿ ಇಳಿಯುವಾಗ ಇನ್ನೊಬ್ಬ ಹ್ಯಾಂಡಲ್ ಹಿಡಿದು ಮತ್ತೊಂದು ಬದಿಯಿಂದ ಸೀಟಿಗೆ ಹಾರುತ್ತಾನೆ. ಆ ಕ್ಷಣದಲ್ಲಿ ಸೈಕಲ್ ನಿಂತಿರುವುದಿಲ್ಲ. ಕೈ ತಪ್ಪಿದರೆ ಇಬ್ಬರೂ ನೆಲಕ್ಕೆ, ಹಿಂದೆ ಬರುವವರೂ ಅವರ ಮೇಲೆ. ಸಲೀಸಾಗಿ ಬದಲಾಯಿಸುವುದನ್ನು ಕಲಿಯಲು ಚಳಿಗಾಲವೆಲ್ಲ ಅಭ್ಯಾಸ ಬೇಕು. ಎಷ್ಟೇ ವೇಗದ ಸವಾರನಿದ್ದರೂ ಜೊತೆಗಾರನನ್ನು ನಂಬದೆ ಈ ಓಟ ಮುಗಿಯುವುದಿಲ್ಲ. ತಂಡ ಎಂಬ ಭಾವನೆಯನ್ನು ಭಾಷಣದಿಂದ ಕಲಿಸುವುದು ಕಷ್ಟ. ಇಲ್ಲಿ ಅದನ್ನು ನಿಯಮವೇ ಕಲಿಸುತ್ತದೆ.

1962–1981: ಒಬ್ಬ ಸವಾರ, ಒಂದು ಸಿನಿಮಾ, ಹೊಸ ಕ್ರೀಡಾಂಗಣ

1962ರ ಓಟವನ್ನು ಫೈ ಕಪ್ಪಾ ಸೈ ತಂಡ ಗೆದ್ದಿತು. ಆ ದಿನ ಡೇವ್ ಬ್ಲೇಸ್ ಎಂಬ ಸವಾರ 200 ಸುತ್ತುಗಳಲ್ಲಿ 139ನ್ನು ತಾನೊಬ್ಬನೇ ತುಳಿದದ್ದು ಈ ಓಟದ ಚರಿತ್ರೆಯಲ್ಲಿ ದಂತಕಥೆಯಾಗಿ ಉಳಿದಿದೆ. ಒಬ್ಬನೇ ಇಷ್ಟು ಭಾರ ಹೊರಬಹುದಾದರೆ ತಂಡದ ಮಾತಿಗೆ ಅರ್ಥವೇನು ಎಂದು ಯಾರಾದರೂ ಕೇಳಬಹುದು. ಉಳಿದ 61 ಸುತ್ತುಗಳಲ್ಲಿ ಅವರು ಉಸಿರು ತೆಗೆದುಕೊಳ್ಳಲು ಸಾಧ್ಯವಾದದ್ದು, ಆ ಹೊತ್ತಿನಲ್ಲಿ ತಂಡ ಹಿಂದೆ ಬೀಳದಂತೆ ಉಳಿದವರು ನೋಡಿಕೊಂಡದ್ದರಿಂದ ಎಂಬುದನ್ನು ಆ ಪ್ರಶ್ನೆ ಮರೆಯುತ್ತದೆ. ಅದೇ ತಂಡದಲ್ಲಿ ಬದಲಿ ಸವಾರನಾಗಿದ್ದ ಸ್ಟೀವ್ ಟೆಸಿಚ್, ಯುಗೊಸ್ಲಾವಿಯಾದಿಂದ ವಲಸೆ ಬಂದ ಹುಡುಗ, ಮುಂದೆ ನಾಟಕಕಾರನಾದ. ಆ ಗೆಲುವಿನ ನೆನಪಿನಿಂದಲೂ ಬ್ಲೂಮಿಂಗ್ಟನ್ ಊರಿನ ಬದುಕಿನಿಂದಲೂ ಅವರು ಬರೆದ ಚಿತ್ರಕಥೆಯನ್ನು ಪೀಟರ್ ಯೇಟ್ಸ್ ನಿರ್ದೇಶಿಸಿದರು. 1979ರಲ್ಲಿ ತೆರೆಕಂಡ ‘ಬ್ರೇಕಿಂಗ್ ಅವೇ’ ಚಿತ್ರಕ್ಕೆ ಶ್ರೇಷ್ಠ ಮೂಲ ಚಿತ್ರಕಥೆಯ ಆಸ್ಕರ್ ಬಂತು. ಓಟದ ದೃಶ್ಯಗಳನ್ನು ಹಳೆಯ ಕ್ರೀಡಾಂಗಣದಲ್ಲೇ ಚಿತ್ರಿಸಲಾಗಿತ್ತು. ಓಟದ ವಿವರಣೆ ಕೊಡುವವನ ಪಾತ್ರದಲ್ಲಿ ಬ್ಲೇಸ್ ಅವರೇ ಕಾಣಿಸಿಕೊಂಡರು.

ಸಿನಿಮಾ ಈ ಓಟದ ಹೆಸರನ್ನು ದೇಶದಾಚೆಗೂ ಒಯ್ದಿತು. ಅದಕ್ಕಿಂತ ದೊಡ್ಡ ಉಪಕಾರವೆಂದರೆ ವಿಶ್ವವಿದ್ಯಾಲಯದ ಮುಂದೆ ಒಂದು ಕನ್ನಡಿ ಹಿಡಿದದ್ದು. ಬ್ಲೂಮಿಂಗ್ಟನ್ ಸುತ್ತಮುತ್ತಲ ಪ್ರದೇಶ ಸುಣ್ಣಕಲ್ಲಿನ ಗಣಿಗಳ ನಾಡು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈಗೆ ಹೋದದ್ದು ಇಂಡಿಯಾನಾದ ಕಲ್ಲು, ವಿಶ್ವವಿದ್ಯಾಲಯದ ಕಟ್ಟಡಗಳು ಎದ್ದದ್ದೂ ಅದೇ ಕಲ್ಲಿನಿಂದ. ಕಲ್ಲು ಕಡಿದವರ ಮಕ್ಕಳು ಆ ಕಟ್ಟಡಗಳ ಒಳಗೆ ಓದಲು ಎಷ್ಟು ಜನ ಹೋದರು ಎಂಬ ಪ್ರಶ್ನೆಯನ್ನು ಚಿತ್ರ ನೇರವಾಗಿ ಎತ್ತಿತು. ಚಿತ್ರದಲ್ಲಿ ಊರಿನ ಕಲ್ಲುಕುಟಿಗರ ಮನೆಯ ಹುಡುಗರು ‘ಕಟರ್ಸ್’ ಎಂಬ ಹೆಸರಿನಲ್ಲಿ ಓಟಕ್ಕೆ ಇಳಿಯುತ್ತಾರೆ. ವಾಸ್ತವದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳಲ್ಲದೆ ಬೇರೆಯವರು ಇಲ್ಲಿ ಸೈಕಲ್ ಓಡಿಸುವಂತಿಲ್ಲ. ಇದನ್ನು ಚಿತ್ರದ ತಪ್ಪೆಂದು ತಳ್ಳಿಹಾಕುವವರಿದ್ದಾರೆ. ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆಯನ್ನು ಓಟದ ನಡುಮಧ್ಯಕ್ಕೆ ತಂದು ನಿಲ್ಲಿಸಿದ್ದು ಮಾತ್ರ ಆ ಕಲ್ಪನೆಯೇ. ಮುಂದಿನ ದಶಕದ ಬೆಳವಣಿಗೆಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಹತ್ತನೇ ಬೀದಿಯ ಕ್ರೀಡಾಂಗಣ ಹಳೆಯದಾಗಿತ್ತು. 1981ರಲ್ಲಿ ಬಿಲ್ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣ ಸಿದ್ಧವಾಯಿತು. ಪ್ರತಿಷ್ಠಾನವನ್ನು ಬಹುಕಾಲ ಮುನ್ನಡೆಸಿದವರ ಹೆಸರನ್ನು ಅದಕ್ಕೆ ಇಡಲಾಯಿತು. ಸೈಕಲ್ ಟ್ರ್ಯಾಕಿನ ಒಳಗಿನ ಅಂಗಳ ವಿಶ್ವವಿದ್ಯಾಲಯದ ಫುಟ್ಬಾಲ್ ಆಟಕ್ಕೂ ಆಸರೆಯಾಯಿತು. ಹಳೆಯ ಕ್ರೀಡಾಂಗಣವನ್ನು 1982ರಲ್ಲಿ ಕೆಡವಿ, ಆ ಜಾಗದಲ್ಲಿ ಮರಗಿಡಗಳ ಉದ್ಯಾನ ಬೆಳೆಸಲಾಯಿತು. ಹೊಸದಾಗಿ ಕಟ್ಟುವಾಗ ನುಣುಪಾದ ಆಧುನಿಕ ನೆಲಹಾಸು ಹಾಕುವ ಆಸೆ ಸಹಜ. ಸಂಸ್ಥೆ ಕಿಟ್ಟದ ಪುಡಿಯನ್ನೇ ಉಳಿಸಿಕೊಂಡಿತು. ಅನುಭವಿಗೂ ಹೊಸಬನಿಗೂ ಒಂದೇ ಬಗೆಯ ಎಚ್ಚರ ಕಲಿಸುವ ನೆಲ ಅದು. ಅದನ್ನು ಬಿಟ್ಟುಕೊಟ್ಟಿದ್ದರೆ ಓಟ ಬಲ್ಲವರ ಕೈಗೆ ಜಾರುತ್ತಿತ್ತು.

1984–1988: ಸ್ವತಂತ್ರ ತಂಡ ಮತ್ತು ಮಹಿಳೆಯರ ಓಟ

1984ರಲ್ಲಿ ಕೆಲವು ವಿದ್ಯಾರ್ಥಿಗಳು ಯಾವ ಫ್ರಾಟರ್ನಿಟಿಯ ಆಶ್ರಯವೂ ಇಲ್ಲದೆ ಒಂದು ತಂಡ ಕಟ್ಟಿ, ಸಿನಿಮಾದ ‘ಕಟರ್ಸ್’ ಹೆಸರನ್ನೇ ಅದಕ್ಕೆ ಇಟ್ಟರು. ಈ ತಂಡ ಮುಂದೆ ಓಟದ ಬಲಿಷ್ಠ ತಂಡಗಳಲ್ಲಿ ಒಂದಾಯಿತು. 2007ರಿಂದ 2011ರವರೆಗೆ ಸತತ ಐದು ವರ್ಷ ಅದು ಗೆದ್ದಿತು. ಸ್ವಂತ ಮನೆಯಿಲ್ಲದ, ಸೈಕಲ್ ಪ್ರೀತಿಯೊಂದೇ ಬಂಡವಾಳವಾದ ತಂಡ ಇಷ್ಟು ಎತ್ತರಕ್ಕೆ ಏರಿದ್ದು ಸಮಾನ ಸೈಕಲ್ಲಿನ ನಿಯಮ ಇದ್ದದ್ದರಿಂದ ಎಂದು ಧೈರ್ಯವಾಗಿ ಹೇಳಬಹುದು.

ಮಹಿಳೆಯರ ಪ್ರವೇಶದ ಕಥೆ ಇದಕ್ಕಿಂತ ಉದ್ದ. 1955ರಲ್ಲಿ ಅವರಿಗಾಗಿ ಮೂರು ಗಾಲಿಯ ಸೈಕಲ್ಲುಗಳ ಒಂದು ಮೋಜಿನ ಓಟ ಶುರುವಾಗಿತ್ತು. ಅಂದಿನ ಸಮಾಜ ಅವರಿಗೆ ಕೊಡಲು ಒಪ್ಪಿದ್ದು ಅಷ್ಟು ಜಾಗವನ್ನು ಮಾತ್ರ. ಮೂರು ದಶಕಗಳ ನಂತರ, 1987ರಲ್ಲಿ, ಕಪ್ಪಾ ಆಲ್ಫಾ ಥೀಟಾ ಎಂಬ ಮಹಿಳಾ ಸಂಘದ ತಂಡವೊಂದು ಪುರುಷರ ಓಟದ ಅರ್ಹತಾ ಸುತ್ತಿಗೇ ಇಳಿಯಿತು. 33ರೊಳಗೆ ಜಾಗ ಸಿಗಲಿಲ್ಲ. ಆದರೆ ಆ ಪ್ರಯತ್ನ ಎಬ್ಬಿಸಿದ ಚರ್ಚೆ ವ್ಯರ್ಥವಾಗಲಿಲ್ಲ. ಹಲವು ಅಭಿಪ್ರಾಯಗಳ ನಡುವೆ ಸಂಸ್ಥೆ ಒಂದು ತೀರ್ಮಾನಕ್ಕೆ ಬಂದು, 1988ರಲ್ಲಿ ಮಹಿಳೆಯರದೇ ಪ್ರತ್ಯೇಕ ಓಟವನ್ನು ಆರಂಭಿಸಿತು. ಮೊದಲ ಓಟವನ್ನು ವಿಲ್ಕಿ ಸ್ಪ್ರಿಂಟ್ ಎಂಬ ಹಾಸ್ಟೆಲ್ ತಂಡ ಗೆದ್ದಿತು. 1951ರಲ್ಲಿ ಪುರುಷರಲ್ಲಿ ಆದದ್ದೇ 37 ವರ್ಷಗಳ ನಂತರ ಮಹಿಳೆಯರಲ್ಲೂ ಆಯಿತು. ಅದೇ ಸೈಕಲ್, ಅದೇ ಟ್ರ್ಯಾಕು, ನಾಲ್ವರ ತಂಡ. ಸುತ್ತು 100, ಬದಲಾವಣೆ ಕನಿಷ್ಠ 5, ದೂರ 25 ಮೈಲಿ.

ಪುರುಷರು 50 ಮೈಲಿ ಓಡಿಸುವಲ್ಲಿ ಮಹಿಳೆಯರಿಗೆ 25 ಏಕೆ ಎಂಬ ಆಕ್ಷೇಪಕ್ಕೆ ಬಲವಿದೆ. ಆರಂಭದಲ್ಲಿ ತಂಡಗಳನ್ನು ಕಟ್ಟುವುದೇ ಹೊಸ ಕೆಲಸವಾಗಿದ್ದಾಗ ಕಡಿಮೆ ದೂರ ಹೊಸಬರನ್ನು ಒಳಗೆ ಕರೆಯಲು ನೆರವಾಗಿರಬಹುದು. ಆ ಕಾರಣ ಇಂದಿಗೂ ಸಾಕೆಂದು ವಾದಿಸುವುದು ಕಷ್ಟ. ಮಹಿಳೆಯರ ತಂಡಗಳ ಶಿಸ್ತು, ತಂತ್ರ, ವೇಗ ಯಾವುದಕ್ಕೂ ಕಡಿಮೆಯಿಲ್ಲ. ಹೊಸ ತಂಡಗಳಿಗೆ ಭಾರವಾಗದ ಹಾಗೆ ದೂರವನ್ನು ಹೆಚ್ಚಿಸುವ ದಾರಿಯನ್ನು ಸಂಸ್ಥೆ ಯೋಚಿಸಬೇಕಾದ ಕಾಲ ಬಂದಿದೆ. ಬಾಗಿಲು ತೆರೆಯುವ ಕೆಲಸ 1988ಕ್ಕೆ ಮುಗಿಯಿತೆಂದು ಭಾವಿಸಿದರೆ ಈ ಓಟ ತನ್ನ ಚರಿತ್ರೆಗೇ ಬೆನ್ನು ತಿರುಗಿಸಿದಂತೆ.

1989–2019: ಹಬ್ಬ, ಗದ್ದಲ ಮತ್ತು ಟೀಕೆಗಳಿಗೆ ಉತ್ತರ

ಈ ಮೂರು ದಶಕಗಳಲ್ಲಿ ಓಟ ಒಂದು ದಿನದ ಸ್ಪರ್ಧೆಯಿಂದ ಇಡೀ ವಸಂತದ ಕಾರ್ಯಕ್ರಮವಾಯಿತು. ಅರ್ಹತಾ ಸುತ್ತಿನಲ್ಲಿ ನಾಲ್ವರು ಸವಾರರು ಒಂದೊಂದು ಸುತ್ತು ಓಡಿಸಿ ಸೈಕಲ್ ದಾಟಿಸಬೇಕು, ತಂಡಕ್ಕೆ ಮೂರು ಅವಕಾಶ. ಅದಾದ ಮೇಲೆ ಗಡಿಯಾರದ ಎದುರು ಒಬ್ಬೊಬ್ಬರ ಓಟ, ಪ್ರತಿ ಸುತ್ತಿಗೂ ಹಿಂದುಳಿದವರು ಹೊರಬೀಳುವ ಓಟ, ಎರಡು ತಂಡಗಳು ಪರಸ್ಪರ ಬೆನ್ನಟ್ಟುವ ಓಟ. ಹೊಸಬರು ಕಿಟ್ಟದ ನೆಲದ ಮೇಲೆ ಮೊದಲು ತರಬೇತಿ ಪಡೆಯಲೇಬೇಕು. ಹಳೆಯ ಸವಾರರೇ ಅವರಿಗೆ ಕಲಿಸುತ್ತಾರೆ, ತಂಡಗಳಿಗೆ ತರಬೇತುದಾರರಾಗುತ್ತಾರೆ. ಏರ್ಪಾಡಿನ ಹೊಣೆ ಸ್ಟೂಡೆಂಟ್ ಫೌಂಡೇಶನ್ನಿನ ವಿದ್ಯಾರ್ಥಿ ಸಮಿತಿಯದು. ಶುಕ್ರವಾರ ಮಹಿಳೆಯರ ಓಟ, ಶನಿವಾರ ಪುರುಷರದು. ಕ್ರೀಡಾಂಗಣ ತುಂಬಿ ತುಳುಕುತ್ತದೆ. 2008ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿದ್ದ ಬರಾಕ್ ಒಬಾಮ ಮಹಿಳೆಯರ ಓಟದ ದಿನ ಅಲ್ಲಿಗೆ ಬಂದದ್ದು ಓಟದ ಸಾರ್ವಜನಿಕ ಸ್ಥಾನಕ್ಕೆ ಒಂದು ಸಾಕ್ಷಿ.

ಜನ ಸೇರಿದಲ್ಲಿ ಗದ್ದಲವೂ ಸೇರಿತು. ಓಟದ ವಾರವೆಂದರೆ ಕುಡಿತ, ಪಾರ್ಟಿ ಎಂಬ ಹೆಸರು ಊರಿನಲ್ಲಿ ಹರಡಿತು. ಬೆಳಗಿನ ಚಳಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಸವಾರರ ಶ್ರಮ ಆ ಹೆಸರಿನಡಿ ಮರೆಯಾಗುತ್ತದೆ ಎಂಬ ಟೀಕೆಯನ್ನು ಅಲ್ಲಗಳೆಯಲಾಗದು. ಆದರೆ ಓಟವನ್ನು ನಿಲ್ಲಿಸಿದರೆ ಗದ್ದಲ ನಿಲ್ಲುತ್ತದೆ ಎಂಬ ತೀರ್ಮಾನ ಸರಿಯಲ್ಲ. ವಸಂತದ ಕೊನೆಯ ವಾರಗಳಲ್ಲಿ ಸಾವಿರಾರು ಯುವಜನರಿರುವ ಕ್ಯಾಂಪಸ್ಸು ಒಂದು ನೆಪ ಹುಡುಕಿಯೇ ಹುಡುಕುತ್ತದೆ. ಆ ನೆಪಕ್ಕೆ ಶಿಸ್ತಿನ ಒಂದು ಕೇಂದ್ರವಿರುವುದು ಲೇಸು. ಇಲ್ಲಿ ಬೇಕಾದದ್ದು ಸವಾರರನ್ನು ಮತ್ತೆ ಕೇಂದ್ರಕ್ಕೆ ತರುವ ಕೆಲಸ. ತರಬೇತಿ, ವಸಂತದ ಸರಣಿ ಓಟಗಳು, ಹಳೆಯ ಸವಾರರ ಒಡನಾಟ ಇವೆಲ್ಲ ಆ ದಾರಿಯಲ್ಲಿ ಸಾಗಿದ ಹೆಜ್ಜೆಗಳು.

ಇನ್ನೊಂದು ಟೀಕೆ ಕ್ರೀಡೆಯನ್ನು ಬಲ್ಲವರದು. ಒಂದೇ ಗೇರಿನ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಓಡಿಸಿದರೆ ಅಂತರರಾಷ್ಟ್ರೀಯ ಮಟ್ಟದ ಸವಾರರು ಹೇಗೆ ತಯಾರಾಗುತ್ತಾರೆ ಎಂದು ಅವರು ಕೇಳುತ್ತಾರೆ. ಆ ಕೆಲಸಕ್ಕೆ ಅದೇ ರಾಜ್ಯದಲ್ಲಿ ಬೇರೆ ವ್ಯವಸ್ಥೆಗಳಿವೆ. 1899ರಲ್ಲಿ ವಿಶ್ವ ಚಾಂಪಿಯನ್ ಆದ, ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಕಪ್ಪು ಸವಾರ ಮೇಜರ್ ಟೇಲರ್ ಅವರ ಹೆಸರಿನ ವೆಲೊಡ್ರೋಮ್ (ಸೈಕಲ್ ಓಟದ ಕ್ರೀಡಾಂಗಣ) ಆ ನಗರದಲ್ಲಿ 1982ರಿಂದಲೂ ಇದೆ. ಅಲ್ಲಿನ ಮೇರಿಯನ್ ವಿಶ್ವವಿದ್ಯಾಲಯ ಕಾಲೇಜು ಸೈಕ್ಲಿಂಗ್‌ನಲ್ಲಿ ಹಲವು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದೆ. ಶಿಖರ ಕಟ್ಟುವ ಸಂಸ್ಥೆಗಳು ಅವು. ಲಿಟಲ್ 500 ಕಟ್ಟುವುದು ತಳಪಾಯವನ್ನು. ಕಾಲೇಜಿಗೆ ಬರುವವರೆಗೆ ಸೈಕಲ್ ಪಂದ್ಯದ ಗಂಧವೇ ಇಲ್ಲದ ಹುಡುಗ, ಹುಡುಗಿಯರು ಪದವಿಯ ಅವಧಿಯಲ್ಲೇ ಸ್ಪರ್ಧಾಳುಗಳಾಗಬಲ್ಲರು ಎಂಬುದೇ ಇದರ ಹೆಗ್ಗಳಿಕೆ. ಸೈಕಲ್ಲನ್ನು ಆಧುನಿಕಗೊಳಿಸಿದರೆ ಮೊದಲು ಹೊರಬೀಳುವವರು ಇವರೇ.

2020ರಿಂದ ಈಚೆಗೆ: ಒಂದು ವಿರಾಮ, ಮುಂದಿನ ಕೆಲಸ

2020ರಲ್ಲಿ ಕೋವಿಡ್ ಕಾರಣದಿಂದ ಓಟ ನಡೆಯಲಿಲ್ಲ. 2021ರಲ್ಲಿ ಮೇ ತಿಂಗಳಿಗೆ ಮುಂದೂಡಿ, ಪ್ರೇಕ್ಷಕರಿಗೆ ಮಿತಿ ಹಾಕಿ ನಡೆಸಲಾಯಿತು. ಕಾಲೇಜಿನ ಯಾವುದೇ ಸಂಪ್ರದಾಯಕ್ಕೆ ಒಂದು ವರ್ಷದ ವಿರಾಮವೂ ಅಪಾಯವೇ. ಕಲಿಸುವ ತಲೆಮಾರು ನಾಲ್ಕು ವರ್ಷಕ್ಕೆ ಬದಲಾಗುತ್ತದೆ, ಒಂದು ಕೊಂಡಿ ಕಳಚಿದರೆ ಕೌಶಲವೇ ಕಳೆದುಹೋಗಬಹುದು. ಹಳೆಯ ಸವಾರರು ತರಬೇತುದಾರರಾಗಿ ಉಳಿದುಕೊಳ್ಳುವ ಪದ್ಧತಿ ಈ ಸಂದರ್ಭದಲ್ಲಿ ಕೈ ಹಿಡಿಯಿತು. ಇತ್ತೀಚೆಗೆ ಮೇಜರ್ ಟೇಲರ್ ಅವರ ಹೆಸರಿನ ತಂಡವೂ ಟ್ರ್ಯಾಕಿಗೆ ಇಳಿದಿದೆ. ಸೈಕಲ್ ಕ್ರೀಡೆಯಿಂದ ಬಹುಕಾಲ ದೂರ ಉಳಿದ ಸಮುದಾಯಗಳಿಗೆ ಅದು ತೆರೆಯುತ್ತಿರುವ ದಾರಿಯನ್ನು ಈ ಚರಿತ್ರೆಯ ಸಹಜ ಮುಂದುವರಿಕೆಯೆಂದೇ ಭಾವಿಸಬೇಕು.

ವಿದ್ಯಾರ್ಥಿವೇತನಕ್ಕೆ ಹಣ ಬೇಕಾದರೆ ನೇರವಾಗಿ ದೇಣಿಗೆ ಕೇಳಬಹುದಲ್ಲ, ಇಷ್ಟು ದೊಡ್ಡ ಓಟವೇಕೆ ಎಂಬುದು ಕೊನೆಯ ಆಕ್ಷೇಪ. ಹಣದ ಲೆಕ್ಕವೊಂದನ್ನೇ ನೋಡಿದರೆ ಅದು ಸರಿಯೆನಿಸಬಹುದು. ದೇಣಿಗೆಯಿಂದ ನೆರವು ಪಡೆಯುವವರು ಸಿಗುತ್ತಾರೆ, ನೆರವು ಕೊಡುವ ಅಭ್ಯಾಸವುಳ್ಳ ಹೊಸ ತಲೆಮಾರು ಮಾತ್ರ ತಾನಾಗಿ ಹುಟ್ಟುವುದಿಲ್ಲ. ಓಟಕ್ಕಾಗಿ ಟಿಕೆಟ್ ಮಾರಿದ, ಟ್ರ್ಯಾಕು ಸಿದ್ಧಪಡಿಸಿದ, ಸಹಪಾಠಿಯ ಫೀಸಿಗಾಗಿ ದುಡಿದ ವಿದ್ಯಾರ್ಥಿ ಮುಂದೆ ಎಲ್ಲಿಗೆ ಹೋದರೂ ಆ ಅಭ್ಯಾಸವನ್ನು ಜೊತೆಗೆ ಒಯ್ಯುತ್ತಾನೆ. 1950ರಲ್ಲಿ ವಿಲ್ಕಾಕ್ಸ್ ಅವರು ಬಯಸಿದ್ದು ಇದನ್ನೇ. ಕಾಲೇಜಿನ ವೆಚ್ಚ ಅಂದಿಗಿಂತ ಬಹುಪಟ್ಟು ಏರಿರುವ ಇಂದು, ದುಡಿದು ಓದುವವರ ಅಗತ್ಯ ಕಡಿಮೆಯಾಗಿಲ್ಲ. ಆದ್ದರಿಂದ 75 ತುಂಬಿದ ಈ ಸಂಸ್ಥೆಯ ಮುಂದಿರುವ ಕರ್ತವ್ಯ ಸ್ಪಷ್ಟವಾಗಿದೆ. ಸೈಕಲ್ಲನ್ನು ಈಗಿರುವಂತೆಯೇ ಸರಳವಾಗಿ ಉಳಿಸಿಕೊಳ್ಳಬೇಕು, ಮಹಿಳೆಯರ ಓಟದ ದೂರವನ್ನು ಮರುಪರಿಶೀಲಿಸಬೇಕು, ಗೆದ್ದ ತಂಡದ ಹೆಸರಿನ ಜೊತೆಗೆ ಆ ವರ್ಷ ವೇತನ ಪಡೆದು ಓದು ಮುಂದುವರಿಸಿದವರ ಸಂಖ್ಯೆಯನ್ನೂ ಅಷ್ಟೇ ಅಭಿಮಾನದಿಂದ ಪ್ರಕಟಿಸಬೇಕು. ನೂರನೆಯ ವರ್ಷದ ಸಂಚಿಕೆಯನ್ನು ಬರೆಯುವವರು ಈ ಮೂರು ಮಾತುಗಳಿಂದಲೇ ನಮ್ಮ ಕಾಲದ ನಿಷ್ಠೆಯನ್ನು ಅಳೆಯಲಿ.